ಅಂಕೋಲಾದ ಕಾಲ್ಪನಿಕ ರನ್‌ವೇ: ಅಪ್ರೋಚ್ ಚಾರ್ಟ್ ಕೆಲಸ ಎಲ್ಲಿಗೆ ಬಂತು

ಅಂಕೋಲಾ ಹತ್ತಿರ ಒಂದು ಕಾಲ್ಪನಿಕ ರನ್‌ವೇ ಇಟ್ಟುಕೊಂಡು ಸಿಮ್ಯುಲೇಟರ್‌ಗೆ ಅಪ್ರೋಚ್ (ವಿಮಾನ ಇಳಿಯಲು ಬರುವ ದಾರಿ) ವಿನ್ಯಾಸ ಮಾಡುತ್ತಿರುವ ತಂಡದ ಈ ಹಂತದ ಟಿಪ್ಪಣಿ ಇದು. ನಿಜವಾದ ಹಾರಾಟಕ್ಕೆ ಇದನ್ನು ಬಳಸುವಂತಿಲ್ಲ. ಆದರೆ ಲೆಕ್ಕವೆಲ್ಲ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒದ 8168ನೇ ದಾಖಲೆಯ ಎರಡನೇ ಸಂಪುಟದ ಪ್ರಕಾರವೇ ನಡೆದಿದೆ. ಗುಡ್ಡ, ಮರ, ಟವರುಗಳಂಥ ನೆಲದ ಅಡೆತಡೆಗಳ ಪಟ್ಟಿ ಮತ್ತು ಕನಿಷ್ಠ ಸುರಕ್ಷಿತ ಎತ್ತರದ ವಲಯಗಳು ಮುಗಿದಿವೆ. ಫೈನಲ್ ಭಾಗ, ಅಂದರೆ ಇಳಿಯುವ ದಾರಿಯ ಕೊನೆಯ ತುಂಡು, ಪರಿಶೀಲನೆಯಲ್ಲಿದೆ. ಮಿಸ್ಡ್ ಅಪ್ರೋಚ್ (ಇಳಿಯಲಾಗದೆ ಮತ್ತೆ ಮೇಲೇರುವ ದಾರಿ) ಮತ್ತು ಚಾರ್ಟ್ ಬಾಕಿ.

ಹೆಚ್ಚು ಸಮಯ ತಿಂದದ್ದು ಅಡೆತಡೆಗಳ ಪಟ್ಟಿ, ಮತ್ತು ತಿನ್ನಲೇಬೇಕು. ನೆಲದ ಎತ್ತರಕ್ಕೆ ಬಳಸಿದ್ದು 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್‌ನಲ್ಲಿ ಅಳೆದ ಎಸ್‌ಆರ್‌ಟಿಎಂ ದತ್ತಾಂಶ, ಸುಮಾರು 30 ಮೀಟರಿಗೊಂದು ಬಿಂದು. ಘಟ್ಟದ ದಟ್ಟ ಕಾಡಿನಲ್ಲಿ ಆ ರಾಡಾರ್ ಎಲೆಗಳ ನಡುವೆ ಸ್ವಲ್ಪ ಇಳಿಯುತ್ತದೆ, ನೆಲ ಮುಟ್ಟುವುದಿಲ್ಲ. ಬರುವ ಅಂಕಿ ಅತ್ತ ನೆಲವೂ ಅಲ್ಲ, ಇತ್ತ ಮರದ ತುದಿಯೂ ಅಲ್ಲ. ನಾವು ಅದನ್ನು ನೆಲವೆಂದೇ ಹಿಡಿದು ಕಾಡಿಗೆ 30 ಮೀಟರ್, ದತ್ತಾಂಶದ ಅನಿಶ್ಚಿತತೆಗೆ 16 ಮೀಟರ್ ಕೂಡಿಸುತ್ತೇವೆ. ತೋಟಕ್ಕೆ ಸೊಪ್ಪು ಕಡಿಯುವ ಸೊಪ್ಪಿನ ಬೆಟ್ಟಕ್ಕೂ ಅದೇ ನಿಯಮ. ಕೆಲವೆಡೆ ಎತ್ತರ ತುಸು ಹೆಚ್ಚಾಗಿ ಬರುತ್ತದೆ; ಬರಲಿ. ಗುಡ್ಡಗುಡ್ಡಕ್ಕೂ ಬೇರೆ ಬೇರೆ ರಿಯಾಯಿತಿ ಕೊಡಲು ಹೊರಟರೆ ಪರಿಶೀಲಿಸುವವರಿಗೆ ಹಿಡಿತವೇ ಸಿಗುವುದಿಲ್ಲ.

ಈ ದತ್ತಾಂಶದಲ್ಲಿ ಮೊಬೈಲ್ ಟವರ್ ಕಾಣುವುದಿಲ್ಲ, ಕೈಗಾದಿಂದ ಗುಡ್ಡ ಹತ್ತಿ ಇಳಿದು ಹೋಗುವ ಹೈಟೆನ್ಷನ್ ಲೈನಿನ ಟವರುಗಳೂ ಕಾಣುವುದಿಲ್ಲ. ಅವುಗಳನ್ನು ರಸ್ತೆಯಿಂದಲೇ ಅಳೆಯಬೇಕು. ನೌಕಾನೆಲೆ ಇರುವ ಊರು, ಡ್ರೋನಿನ ಮಾತೇ ಇಲ್ಲ. ಸಮತಟ್ಟು ಜಾಗದಲ್ಲಿ ಟವರಿನ ಬುಡದಿಂದ 100 ಮೀಟರ್ ದೂರ ನಿಂತು, ಕೋನ ಅಳೆಯುವ ಕ್ಲೈನೋಮೀಟರಿನಲ್ಲಿ 22 ಡಿಗ್ರಿ ಬಂದರೆ ಎತ್ತರ 40.4 ಮೀಟರ್, ಅದಕ್ಕೆ ಕಣ್ಣಿನ ಎತ್ತರ 1.5 ಸೇರಿಸಿ ಸುಮಾರು 42. ಒಂದು ಡಿಗ್ರಿ ಆಚೀಚೆಯಾದರೆ 2 ಮೀಟರ್ ವ್ಯತ್ಯಾಸ. ಹಾಗಾಗಿ ಎರಡು ಕಡೆಯಿಂದ ಅಳೆದು, ಹೆಚ್ಚು ಬಂದದ್ದನ್ನೇ ಬರೆಯುವುದು. ಈ ತಿರುಗಾಟವೆಲ್ಲ ಜೂನ್‌ಗೆ ಮೊದಲೇ ಮುಗಿಯಬೇಕು. ಮಳೆ ಹಿಡಿದ ಮೇಲೆ ಘಟ್ಟದಲ್ಲಿ ಟವರಿನ ತುದಿ ಮೋಡದೊಳಗೆ, ಕಾಲ ಬುಡದಲ್ಲಿ ಉಂಬಳ.

ಇಲ್ಲಿ ಎಲ್ಲಕ್ಕಿಂತ ಅಪಾಯದ ತಪ್ಪು ಜಿಯಾಯ್ಡ್‌ನದು, ಅಂದರೆ ಸರಾಸರಿ ಸಮುದ್ರಮಟ್ಟದ ಮೇಲ್ಮೈಯದು. ಜಿಪಿಎಸ್ ಎತ್ತರ ಎಣಿಸಲು ಆಧಾರವಾಗಿರುವ, ಭೂಮಿಯ ಗಣಿತದ ಆಕಾರವಾದ ಡಬ್ಲ್ಯುಜಿಎಸ್-84 ಎಲಿಪ್ಸಾಯ್ಡಿಗೆ ಹೋಲಿಸಿದರೆ ದಕ್ಷಿಣ ಭಾರತದ ಸಮುದ್ರಮಟ್ಟ ಹತ್ತಾರು ಮೀಟರ್ ಕೆಳಗಿದೆ. ಜಗತ್ತಿನಲ್ಲೇ ಅತಿ ತಗ್ಗಿನ ಜಾಗ, ಸುಮಾರು 106 ಮೀಟರ್ ಕೆಳಗೆ, ಶ್ರೀಲಂಕಾದ ದಕ್ಷಿಣಕ್ಕಿರುವ ಸಮುದ್ರದಲ್ಲಿದೆ. ಕಾರವಾರದ ಬೀಚಿನಲ್ಲಿ ನಿಂತು ಜಿಪಿಎಸ್ ರಿಸೀವರಿನಲ್ಲಿ ಎಲಿಪ್ಸಾಯ್ಡ್ ಎತ್ತರ ನೋಡಿದರೆ ಮೈನಸ್ ಅಂಕಿ ಬರುತ್ತದೆ. ಆ ಅಂಕಿಯನ್ನೇ ಸಮುದ್ರಮಟ್ಟದಿಂದ ಎತ್ತರವೆಂದು ಪಟ್ಟಿಗೆ ತುಂಬಿದರೆ ಎದುರಿಗಿರುವ ಗುಡ್ಡ ಕಾಗದದ ಮೇಲೆ ಅಷ್ಟು ಮೀಟರ್ ಕುಸಿಯುತ್ತದೆ. ಫೈನಲ್ ಭಾಗದಲ್ಲಿ ಅಡೆತಡೆಯ ಮೇಲೆ ನಾವು ಕೊಡುವ ಅಂತರವೇ 75 ಮೀಟರ್; ಇದೊಂದು ತಪ್ಪಿಗೆ ಅದರ ಬಹುಪಾಲು ಹೋಗಿಬಿಡಬಹುದು. ಆದ್ದರಿಂದ ಪಟ್ಟಿಯ ಪ್ರತಿ ಸಾಲಿಗೂ ಎತ್ತರದ ಜೊತೆ ಆಧಾರಮಟ್ಟ, ಅಳತೆಯ ಮೂಲ, ನಿಖರತೆ, ಘಟಕ ಎಂಬ ನಾಲ್ಕು ಕಾಲಂ ಕಡ್ಡಾಯ. ಒಂದು ಖಾಲಿಯಿದ್ದರೂ ಆ ಸಾಲು ವಿನ್ಯಾಸಕರ ಕೈಗೆ ಹೋಗುವುದಿಲ್ಲ. ತಂಡ ನಡೆಸುವವರು ಬೇರೆಲ್ಲೂ ಬಿಗಿಯಾಗದಿದ್ದರೂ ನಡೆದೀತು, ಇಲ್ಲಿ ಆಗಲೇಬೇಕು.

ಸುರಕ್ಷಿತ ಎತ್ತರದ ವಲಯಗಳಲ್ಲಿ ಕರಾವಳಿಯ ಸ್ವರೂಪ ಚೆನ್ನಾಗಿ ಕಾಡಿತು. ವಿಮಾನ ನಿಲ್ದಾಣದ ಉಲ್ಲೇಖ ಬಿಂದುವಿನ ಸುತ್ತ ಎಳೆದ ವೃತ್ತದ ತ್ರಿಜ್ಯ 25 ನಾಟಿಕಲ್ ಮೈಲು, ಅಂದರೆ 46 ಕಿಲೋಮೀಟರ್. ಅದರಾಚೆ ಇನ್ನೂ 9 ಕಿಲೋಮೀಟರ್ ಬಫರ್. ಯಾಣ, ಕೈಗಾ ಎರಡೂ ವೃತ್ತದೊಳಗೇ ಬರುತ್ತವೆ, ಯಲ್ಲಾಪುರ ಬಫರಿನ ಅಂಚಿಗೆ. ಪಶ್ಚಿಮಕ್ಕೆ ಬರೀ ಸಮುದ್ರ, ಅಲ್ಲಿಗೆ ಬಹಳ ಕಡಿಮೆ ಎತ್ತರ ಸಾಕು ಎಂದು ಮೊದಲ ನೋಟಕ್ಕೆ ಅನಿಸುತ್ತದೆ. ಆದರೆ ವಲಯದ ಗೆರೆಗಳು ವಿಮಾನ ನಿಲ್ದಾಣದ ಉಲ್ಲೇಖ ಬಿಂದುವಿನಿಂದಲೇ ಹೊರಡಬೇಕು, ಬಫರ್ ಆ ಗೆರೆಗಳಿಗೂ ಅನ್ವಯಿಸುತ್ತದೆ. ಹಾಗಾಗಿ ಗೆರೆಯನ್ನು ಹೇಗೆ ತಿರುಗಿಸಿದರೂ ಬಿಂದುವಿನ ಸುತ್ತ 9 ಕಿಲೋಮೀಟರ್ ಒಳಗಿನ ಗುಡ್ಡಗಳು ಸಮುದ್ರದ ವಲಯಕ್ಕೂ ಸೇರುತ್ತವೆ. ಅಂತರ 300 ಮೀಟರ್. ಬೆಟ್ಟದ ಪ್ರದೇಶದಲ್ಲಿ ಅದನ್ನು ದುಪ್ಪಟ್ಟಿನವರೆಗೆ ಏರಿಸಬಹುದು, ಪೂರ್ವ ವಲಯಕ್ಕೆ ಪೂರ್ತಿ 600 ಇಟ್ಟಿದ್ದೇವೆ. ಇನ್ನೊಂದು ಮಾತು: ಚಾರ್ಟಿನಲ್ಲಿ ವಲಯದ ಗೆರೆಗಳಿಗೆ ಬರೆಯುವುದು ಬಿಂದುವಿನ ಕಡೆಗೆ ಬರುವ ದಿಕ್ಕು. ಹೊರಕ್ಕೆ ಹೋಗುವ ದಿಕ್ಕು ಬರೆದರೆ ಸಮುದ್ರದ ಎತ್ತರ ಘಟ್ಟದ ಮೇಲೆ ಬಂದು ಕೂರುತ್ತದೆ.

ಫೈನಲ್‌ನಲ್ಲಿ ಎಲ್‌ನ್ಯಾವ್ (ಉಪಗ್ರಹದಿಂದ ಎಡ-ಬಲದ ಮಾರ್ಗದರ್ಶನ ಮಾತ್ರ ಸಿಗುವ ಅಪ್ರೋಚ್) ಅಗಲ ನಡುಗೆರೆಯಿಂದ ಎರಡೂ ಬದಿಗೆ 0.95 ನಾಟಿಕಲ್ ಮೈಲು. ಒಳಗಿನ ಅರ್ಧಕ್ಕೆ ಪೂರ್ತಿ 75 ಮೀಟರ್, ಹೊರಗಿನ ಅರ್ಧದಲ್ಲಿ ಅದು ಅಂಚಿಗೆ ಸೊನ್ನೆಯಾಗುವಂತೆ ಇಳಿಯುತ್ತದೆ. ಜಗಳ ಬರುವುದು ಅಂಕಿಯನ್ನು ಹತ್ತು ಅಡಿಯ ಲೆಕ್ಕಕ್ಕೆ ಪೂರ್ಣಗೊಳಿಸುವಾಗ. ಗುಡ್ಡ 187 ಮೀಟರ್ ಎಂದಿಟ್ಟುಕೊಳ್ಳಿ: ಮರಕ್ಕೆ 30, ಅನಿಶ್ಚಿತತೆಗೆ 16, ಅಂತರಕ್ಕೆ 75, ಒಟ್ಟು 308. ಅಡಿಗೆ ತಂದರೆ 1010.5. ಸ್ಪ್ರೆಡ್‌ಶೀಟಿನ ಸಾಮಾನ್ಯ ಸೂತ್ರ ಇದನ್ನು 1010 ಮಾಡುತ್ತದೆ, ಆಗಬೇಕಾದದ್ದು 1020. ಮೀಟರಿನಲ್ಲೇ ಕೂಡಿಸಿ, ಒಮ್ಮೆ ಮಾತ್ರ ಅಡಿಗೆ ತಂದು, ಕೊನೆಯಲ್ಲಿ ಮೇಲಕ್ಕೇ ಏರಿಸಬೇಕು.

ಪರಿಶೀಲಕರಿಗೆ ಮೊದಲ ವಿನ್ಯಾಸಕರ ಹಾಳೆ ಕೊಡುವುದಿಲ್ಲ. ಅವರಿಗೆ ಸಿಗುವುದು ಅಡೆತಡೆಗಳ ಪಟ್ಟಿ ಮತ್ತು ವೇಪಾಯಿಂಟ್‌ಗಳು (ದಾರಿಯ ಗುರುತು ಬಿಂದುಗಳು) ಮಾತ್ರ. ಲೆಕ್ಕ ಮೊದಲಿಂದ ಅವರದೇ. ಇನ್ನೊಬ್ಬರ ಹಾಳೆ ಕಣ್ಣೆದುರಿಗಿದ್ದರೆ ಅದೇ ತಪ್ಪು ಸರಿಯಾಗಿ ಕಾಣತೊಡಗುತ್ತದೆ. ಉತ್ತರ ಹೊಂದದಿದ್ದರೆ ಕೊನೆಯ ಎತ್ತರವನ್ನು ನಿಯಂತ್ರಿಸುವ ಅಡೆತಡೆ ಯಾವುದೆಂದು ಇಬ್ಬರೂ ಮೊದಲು ಹೇಳಬೇಕು, ಅಂಕಿಯ ಮಾತು ಆಮೇಲೆ. ಚಾರ್ಟ್ ಬಿಡಿಸುವವರಿಗೆ ಅಂಕಿ ಟೈಪ್ ಮಾಡುವ ಅವಕಾಶವೇ ಇಲ್ಲ, ಎಲ್ಲವೂ ಅನುಮೋದಿತ ಕೋಷ್ಟಕದಿಂದಲೇ ಬರಬೇಕು.

ಹವ್ಯಾಸದ ಕೆಲಸವಾದರೂ ವಿಮಾನಯಾನ ಮಾಹಿತಿಯ ಬದಲಾವಣೆಗಳು ಜಾರಿಗೆ ಬರುವ ಏರಾಕ್ ಚಕ್ರ ಪಾಲಿಸುತ್ತಿದ್ದೇವೆ: 28 ದಿನಕ್ಕೊಂದು ಗುರುವಾರ ಜಾರಿ, ಅದಕ್ಕೆ 42 ದಿನ ಮೊದಲು ಕಡತ ಹೊರಗೆ. ಆ ದಿನದಿಂದ ಹಿಂದಕ್ಕೆ ಎಣಿಸಿ ಪಟ್ಟಿಗೆ ಬೀಗ ಹಾಕುವ ತಾರೀಖು ಗೊತ್ತುಮಾಡುತ್ತೇವೆ. ಬೀಗ ಬಿದ್ದ ಮೇಲೆ ಸಿಕ್ಕ ಟವರ್ ಲೆಕ್ಕದ ಎತ್ತರವನ್ನು ಮೀರದಿದ್ದರೆ ಮುಂದಿನ ಚಕ್ರಕ್ಕೆ. ಮೀರಿದರೆ ಈ ಚಕ್ರವನ್ನೇ ಬಿಡುವುದು.

ಮುಂದಿನದು ಮಿಸ್ಡ್ ಅಪ್ರೋಚ್: ಶೇ 2.5ರ ಏರಿಕೆ, ಸಮುದ್ರದ ಕಡೆಗೆ ತಿರುವು, ತಿರುವಿನಲ್ಲಿ 50 ಮೀಟರ್ ಅಂತರ. ದ್ವೀಪಗಳು ಪಟ್ಟಿಯಲ್ಲಿವೆ, ಹಡಗುಗಳ ಕಂಬದ ಎತ್ತರ ಇನ್ನೂ ಸೇರಿಲ್ಲ. ಅದು ಸೇರುವವರೆಗೆ ತಿರುವಿನ ಲೆಕ್ಕ ಶುರುವಾಗುವುದಿಲ್ಲ.