ಮೆಥ್ವನ್ ಊರಿನ ಒಂದು ಸಮಾಧಿ

ಪರ್ತ್ ಪಟ್ಟಣದಿಂದ ಪಶ್ಚಿಮಕ್ಕೆ ಬಸ್ ಹತ್ತಿದರೆ ಸ್ವಲ್ಪ ಹೊತ್ತಿಗೇ ಮೆಥ್ವನ್ ಬರುತ್ತದೆ. ಸ್ಕಾಟ್ಲೆಂಡ್ ನೋಡಲು ಬಂದವರು ಇಲ್ಲಿ ಇಳಿಯುವುದು ಕಡಿಮೆ. ನಾವು ಇಳಿದದ್ದು ಎಡಿನ್‌ಬರದಲ್ಲಿ ನೋಡಿದ ಒಂದು ಚಿತ್ರದ ಸಲುವಾಗಿ.

ಅಲ್ಲಿನ ರಾಷ್ಟ್ರೀಯ ಗ್ಯಾಲರಿಯಲ್ಲಿ ಇಂಗ್ಲಿಷ್ ಚಿತ್ರಕಾರ ಗೇನ್ಸ್‌ಬರೊ ಬರೆದ ಮೇರಿ ಗ್ರಹಾಂ ನಿಂತಿದ್ದಾಳೆ. ಆಳೆತ್ತರದ ಚಿತ್ರ. ಗರಿ ಸಿಕ್ಕಿಸಿದ ಟೋಪಿ, ಕೆಂಪು ರೇಷ್ಮೆ ಲಂಗ, ಸುಮಾರು ಇಪ್ಪತ್ತರ ವಯಸ್ಸು. ರಷ್ಯಾದಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದ ಲಾರ್ಡ್ ಕ್ಯಾತ್‌ಕಾರ್ಟ್ ಅವರ ಮಗಳು. 1774ರ ಡಿಸೆಂಬರ್‌ನಲ್ಲಿ, ಒಂದೇ ದಿನ, ಅಕ್ಕ ಜೇನ್ ಆಥಲ್‌ನ ಡ್ಯೂಕ್ ಅವರನ್ನು ಮದುವೆಯಾದಳು, ಮೇರಿ ಬಾಲ್ಗೋವನ್‌ನ ಜಮೀನ್ದಾರ ಥಾಮಸ್ ಗ್ರಹಾಂ ಅವರನ್ನು.

ಗ್ರಹಾಂ ಅವರಿಗೆ ಆಗ ಸೈನ್ಯದ ಗೊಡವೆಯೇ ಇರಲಿಲ್ಲ. ಬೇಸಾಯ, ಕುದುರೆ, ಬೇಟೆ, ಜೊತೆಗೆ ಹೆಂಡತಿಯ ಆರೋಗ್ಯದ ಚಿಂತೆ. ಮೇರಿಗೆ ಕ್ಷಯ. ಬೆಚ್ಚಗಿನ ಹವೆ ಒಳ್ಳೆಯದೆಂದು ಫ್ರಾನ್ಸಿನ ದಕ್ಷಿಣಕ್ಕೆ ಕರೆದುಕೊಂಡು ಹೋದರು. 1792ರ ಜೂನ್‌ನಲ್ಲಿ ಆಕೆ ಅಲ್ಲಿಯ ಕಡಲಲ್ಲಿ, ಹಡಗಿನಲ್ಲೇ ತೀರಿಕೊಂಡಳು. ಶವ ಊರಿಗೆ ತರುವಾಗ ಟೂಲೂಸ್ ಬಳಿ ಕ್ರಾಂತಿಯ ಕಾವಲುಪಡೆಯವರು ಪೆಟ್ಟಿಗೆಯನ್ನೇ ಒಡೆದು ತಪಾಸಣೆ ಮಾಡಿದರು. ಎಂಥ ಗಂಡ ಅದನ್ನು ಮರೆತಾನು?

ಮರುವರ್ಷವೇ, ಕ್ರಾಂತಿಯ ಫ್ರೆಂಚರ ವಿರುದ್ಧ ಫ್ರಾನ್ಸಿನ ಟೂಲಾನ್ ಬಂದರಿನಲ್ಲಿ ನಡೆದ ಯುದ್ಧಕ್ಕೆ ಸ್ವಯಂಸೇವಕರಾಗಿ ಹೋದರು. 1794ರಲ್ಲಿ 90ನೇ ಪದಾತಿ ದಳ ಕಟ್ಟಿದರು. ಅಷ್ಟರಲ್ಲಿ ವಯಸ್ಸು 45. ಬೇರೆಯವರು ನಿವೃತ್ತಿಯ ಯೋಚನೆ ಮಾಡುವ ಕಾಲದಲ್ಲಿ ಇವರು ಶುರು ಮಾಡಿದರು! ಸ್ಪೇನಿನ ಕೊರುನ್ನಾ ಯುದ್ಧದಲ್ಲಿ ಬ್ರಿಟಿಷ್ ಸೇನಾಪತಿ ಸರ್ ಜಾನ್ ಮೂರ್ ಅವರ ಪಕ್ಕದಲ್ಲಿದ್ದರು. 1811ರಲ್ಲಿ ಸ್ಪೇನಿನ ಬರೋಸಾದಲ್ಲಿ ಫ್ರೆಂಚರನ್ನು ಸೋಲಿಸಿದಾಗ 62 ವರ್ಷ. 1814ರಲ್ಲಿ ಲಾರ್ಡ್ ಲಿನೆಡಾಕ್ ಆದರು. ಜೊತೆಗೆ ಬಂದ ಪಿಂಚಣಿ ಮಾತ್ರ ಬೇಡವೆಂದರು. ನನಗೆ ಗೆಲುವಿಗಿಂತ ಇದೇ ಜಾಸ್ತಿ ಹಿಡಿಸಿತು.

ಮೆಥ್ವನ್ ಚರ್ಚಿನ ಅಂಗಳದಲ್ಲಿ ಗ್ರೀಕ್ ಗುಡಿಯ ಹಾಗೆ ಒಂದು ಪುಟ್ಟ ಕಲ್ಲಿನ ಕಟ್ಟಡ. ಜೇಮ್ಸ್ ಪ್ಲೇಫೇರ್ ಎಂಬ ವಾಸ್ತುಶಿಲ್ಪಿಯಿಂದ ಗ್ರಹಾಂ ಇದನ್ನು ಮೇರಿಗಾಗಿ 1793ರಲ್ಲಿ ಕಟ್ಟಿಸಿದರು. ಮತ್ತೆ ಮದುವೆಯಾಗಲಿಲ್ಲ. ಆ ಚಿತ್ರವನ್ನು ನೋಡುವ ಶಕ್ತಿಯಿಲ್ಲದೆ ಕಣ್ಣಿಗೆ ಬೀಳದ ಕಡೆ ಇರಿಸಿದ್ದರು. 1843ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅವರನ್ನೂ ಇಲ್ಲಿಗೇ ತಂದರು. ಮಕ್ಕಳಿರಲಿಲ್ಲವಾದ್ದರಿಂದ ಪದವಿ ಅಲ್ಲಿಗೇ ಮುಗಿಯಿತು. ಚಿತ್ರ ಬಂಧುಗಳ ಕೈಸೇರಿತು. ಅವರು 1859ರಲ್ಲಿ ಅದನ್ನು ಗ್ಯಾಲರಿಗೆ ಕೊಟ್ಟರು, ಸ್ಕಾಟ್ಲೆಂಡ್ ಬಿಟ್ಟು ಹೊರಗೆ ಹೋಗಕೂಡದು ಎಂಬ ಷರತ್ತು ಹಾಕಿ.

ಅದೇ ರಸ್ತೆಯಲ್ಲಿ ಮುಂದೆ ಕ್ರೀಫ್ ಸಿಗುತ್ತದೆ. ಅದನ್ನು ದಾಟಿದರೆ ಗುಡ್ಡದ ಮೇಲೆ ಇನ್ನೊಬ್ಬ ಸೇನಾನಿಯ ಸ್ಮಾರಕ: ಡೇವಿಡ್ ಬೈರ್ಡ್. ಶ್ರೀರಂಗಪಟ್ಟಣದ ಸೆರೆಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಇದ್ದು, 1799ರಲ್ಲಿ ಅದೇ ಕೋಟೆಗೆ ನುಗ್ಗಿದ ಪಡೆಯನ್ನು ನಡೆಸಿದವರು. ಆ ಕಂಬವನ್ನು ನಿಲ್ಲಿಸಿದ್ದು ಅವರ ಹೆಂಡತಿ. ನಮ್ಮ ಕಡೆಯವರು ಇಷ್ಟು ದೂರ ಬಂದರೆ ಅದನ್ನೂ ನೋಡಲೇಬೇಕು, ಅಲ್ವಾ?