ಎರಡು ದಿನ ಬಿಟ್ಟು ಎಂದರೆ ಎಷ್ಟು ದಿನ? ಶನಿವಾರದ ಲೆಕ್ಕದ ದಿನಚರಿ

ವಾರ 1, ಸೆಪ್ಟೆಂಬರ್. ಕಾರ್ಡುಗಳು: 12

ಹನುಮಂತನಗರದ ನಮ್ಮ ಮನೆಯ ಮಹಡಿಯಲ್ಲಿ ಎರಡು ಚಾಪೆ, ಒಂದು ಕರಿಹಲಗೆ, ಆರು ಮಕ್ಕಳು. ನನ್ನ ತಮ್ಮನ ಮಗಳು ನಾಲ್ಕನೇ ತರಗತಿ. ಅವಳು ನನ್ನನ್ನು ದೊಡ್ಡಪ್ಪ ಎನ್ನುವುದರಿಂದ ಉಳಿದ ಐವರಿಗೂ ಮೊದಲ ಅರ್ಧ ಗಂಟೆಯಲ್ಲೇ ನಾನು ದೊಡ್ಡಪ್ಪನಾದೆ. ಕೆಳಮನೆಯ ಅವಳಿಗಳು ಮೂರನೇ ತರಗತಿ. ಇಸ್ತ್ರಿ ಅಂಗಡಿಯವರ ಮಗ ಐದನೇ ತರಗತಿ, ಕನ್ನಡ ಮಾಧ್ಯಮ. ಕನ್ನಡಕದ ಹುಡುಗಿಯೂ ಐದನೇ ತರಗತಿಯವಳೇ. ಆರನೆಯವನನ್ನು ಅವನ ತಾಯಿ ಕೈ ಹಿಡಿದು ಎಳೆದುಕೊಂಡು ಬಂದು ಬಿಟ್ಟುಹೋದರು. ಹೆಸರುಗಳನ್ನು ಬರೆಯುವುದಿಲ್ಲ. ಮುಂದೆ ದೊಡ್ಡವರಾದ ಮೇಲೆ ಇದನ್ನು ಓದಿ ನನ್ನ ಮೇಲೆ ಜಗಳಕ್ಕೆ ಬರಬಾರದಲ್ಲ.

ಡಿಸೆಂಬರಿನಲ್ಲಿ ಒಂದು ಅಂತರಶಾಲಾ ಗಣಿತ ಸ್ಪರ್ಧೆ ಇದೆ. 25 ಪ್ರಶ್ನೆ, 45 ನಿಮಿಷ, ಸರಿಯುತ್ತರಕ್ಕೆ 3 ಅಂಕ, ತಪ್ಪಿಗೆ 1 ಅಂಕ ಕಡಿತ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಇರುತ್ತದಂತೆ. ಆ ಹೊತ್ತಿಗೆ ಕನ್ನಡದಲ್ಲಿ ನೂರು ಪ್ರಶ್ನೆಗಳ ಕಾರ್ಡು ಮಾಡುವುದು ನನ್ನ ಯೋಜನೆ. ಚಾಮರಾಜಪೇಟೆಯ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸ ನನ್ನದು, ಹಾಗಾಗಿ ಮುಖಪುಟ ಕತ್ತರಿಸಿ ಉಳಿದ ದಪ್ಪ ಕಾಗದದ ಚೂರುಗಳಿಗೆ ಬರವಿಲ್ಲ. ಬರವಿರುವುದು ಪ್ರಶ್ನೆಗಳಿಗೆ.

ವಾರ 2. ಕಾರ್ಡುಗಳು: 21

ಮಾದರಿಗಾಗಿ ಹುಡುಕುತ್ತಾ ಕಾಂಗರೂ ಸ್ಪರ್ಧೆಯ ಪ್ರಶ್ನೆಗಳನ್ನು ನೋಡಿದೆ. ಆಸ್ಟ್ರೇಲಿಯಾದ ಗಣಿತ ಸ್ಪರ್ಧೆಯನ್ನು ನೋಡಿ ಹುರುಪುಗೊಂಡ ಫ್ರಾನ್ಸಿನವರು 1991ರಲ್ಲಿ ಅದನ್ನು ಶುರುಮಾಡಿದರು, ಆ ಋಣಕ್ಕೇ ಕಾಂಗರೂ ಎಂದು ಹೆಸರಿಟ್ಟರು. 3–4ನೇ ತರಗತಿಯವರಿಗೆ 24 ಪ್ರಶ್ನೆ: ಮೊದಲ ಎಂಟಕ್ಕೆ ತಲಾ 3 ಅಂಕ, ನಂತರದ ಎಂಟಕ್ಕೆ 4, ಕೊನೆಯ ಎಂಟಕ್ಕೆ 5. ಮೆಟ್ಟಿಲು ಹತ್ತಿದಂತೆ. ಆ ಮೆಟ್ಟಿಲನ್ನು ಎರವಲು ಪಡೆದು ಕಾರ್ಡುಗಳ ಮೂಲೆಗೆ ಹಸಿರು, ಹಳದಿ, ಕೆಂಪು ಬಣ್ಣ ಬಳಿದಿದ್ದೇನೆ. ಅವಳಿಗಳು ಕೆಂಪು ಕಾರ್ಡನ್ನೇ ಕೇಳುತ್ತಾರೆ. ಬಿಡಿಸಲು ಬರುವುದಿಲ್ಲ, ಆದರೂ ಅದೇ ಬೇಕು.

ವಾರ 4. ಕಾರ್ಡುಗಳು: 34, ರದ್ದಾದವು 9, ಉಳಿದವು 25

ಈ ವಾರದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು. ನಾನು ಬರೆದಿದ್ದ ಕಾರ್ಡು ಇದು:

“ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಎಳನೀರಿನ ಗಾಡಿ ಎರಡು ದಿನ ಬಿಟ್ಟು ಬರುತ್ತದೆ. ಇಂದು ಎರಡೂ ಬಂದಿವೆ. ಮತ್ತೆ ಎರಡೂ ಒಟ್ಟಿಗೆ ಬರುವುದು ಎಷ್ಟು ದಿನಗಳ ನಂತರ?”

ನನ್ನ ಉತ್ತರ 6. ನೀರು ಎರಡು ದಿನಕ್ಕೊಮ್ಮೆ, ಗಾಡಿ ಮೂರು ದಿನಕ್ಕೊಮ್ಮೆ, ಲಘುತಮ ಸಾಮಾನ್ಯ ಅಪವರ್ತ್ಯ 6. ನಾಲ್ವರು ಆರು ಎಂದರು. ಇಸ್ತ್ರಿ ಅಂಗಡಿಯವರ ಮಗ ಮಾತ್ರ “ನಾಡಿದ್ದು” ಎಂದ. ಸಂಖ್ಯೆ ಹೇಳು ಎಂದೆ. “ಎರಡು.” ಎಲ್ಲರೂ ನಕ್ಕರು, ನಾನೂ ನಕ್ಕೆ.

ಅವನು ನಗಲಿಲ್ಲ. “ದೊಡ್ಡಪ್ಪ, ಸೋಮವಾರ ಬಟ್ಟೆ ಕೊಟ್ಟವರಿಗೆ ನಮ್ಮಪ್ಪ ಎರಡು ದಿನ ಬಿಟ್ಟು ಬನ್ನಿ ಎನ್ನುತ್ತಾರೆ. ಅವರು ಬುಧವಾರ ಬರುತ್ತಾರೆ. ಗುರುವಾರ ಬಂದವರನ್ನು ನಾನು ನೋಡಿಲ್ಲ.”

ಮಹಡಿಯ ಮೇಲೆ ಸದ್ದಡಗಿತು. ಸೋಮವಾರ ಹೇಳಿ ಬುಧವಾರ ಬರುವುದಾದರೆ ಎರಡು ದಿನ ಬಿಟ್ಟು ಎಂದರೆ ಎರಡು ದಿನದ ನಂತರ. ಹಾಗಿದ್ದರೆ ಗಾಡಿಯೂ ಎರಡು ದಿನಕ್ಕೊಮ್ಮೆ ಬರುತ್ತದೆ, ನೀರೂ ಹಾಗೆಯೇ, ಎರಡೂ ನಾಡಿದ್ದೇ ಕೂಡುತ್ತವೆ. ಆದರೆ ‘ದಿನ ಬಿಟ್ಟು ದಿನ’ ಎನ್ನುವಾಗ ನಡುವಿನ ದಿನವನ್ನು ಹಾರಿಸುತ್ತೇವೆ; ಅದೇ ಲೆಕ್ಕದಲ್ಲಿ ಎರಡು ದಿನ ಬಿಟ್ಟರೆ ಗುರುವಾರವೇ ಆಗಬೇಕು. ಬಿಟ್ಟು ಎಂಬ ಒಂದೇ ಪದ, ಅಕ್ಕಪಕ್ಕದ ಎರಡು ವಾಕ್ಯ, ಎರಡು ಲೆಕ್ಕ. ಇಪ್ಪತ್ತಾರು ವರ್ಷ ಬೇರೆಯವರ ವಾಕ್ಯ ತಿದ್ದಿದವನು ನನ್ನ ವಾಕ್ಯದ ಮೇಲೆ ಎಡವಿಬಿದ್ದೆ.

ಅಂದು ರಾತ್ರಿಯೇ ಕಾರ್ಡುಗಳನ್ನೆಲ್ಲ ಮತ್ತೆ ಓದಿದೆ. ‘ತಂಗಿಗಿಂತ ಎರಡು ಪಟ್ಟು ಹೆಚ್ಚು’ ಎಂದರೆ ಎರಡರಷ್ಟೋ ಮೂರರಷ್ಟೋ? ‘ಐದನೇ ಮೆಟ್ಟಿಲಿನವರೆಗೆ’ ಎಂದರೆ ಐದನೆಯದು ಸೇರಿತೋ ಇಲ್ಲವೋ? ಒಂಬತ್ತು ಕಾರ್ಡು ಹರಿದೆ. ಮಕ್ಕಳಿಗೆ ಲೆಕ್ಕ ಬರುವುದಿಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನನ್ನ ಮಹಡಿಯಲ್ಲಂತೂ ಕೂಡುವ ಕಳೆಯುವ ತಪ್ಪು ಕಡಿಮೆ, ಓದುವ ತಪ್ಪು ಹೆಚ್ಚು, ಓದಿಸುವವನ ತಪ್ಪು ಇನ್ನೂ ಹೆಚ್ಚು.

ವಾರ 5

ದಸರಾ ರಜೆ. ಇಬ್ಬರೇ ಬಂದರು. ಚೌಕಾಬಾರ ಆಡಿದೆವು. ಐದು ಅಡ್ಡ, ಐದು ಉದ್ದದ ಮನೆಗಳಲ್ಲಿ ಒಟ್ಟು ಎಷ್ಟು ಚೌಕಗಳಿವೆ ಎಂದು ಕೇಳಿದ್ದಕ್ಕೆ ಕನ್ನಡಕದ ಹುಡುಗಿ ಮೊದಲು 25 ಎಂದಳು, ಆಮೇಲೆ ದೊಡ್ಡದೂ ಒಂದಿದೆಯಲ್ಲ, 26 ಎಂದಳು, ಕವಡೆಯನ್ನು ಕೆಳಗಿಟ್ಟು ಹತ್ತು ನಿಮಿಷದ ಮೇಲೆ 55 ಎಂದಳು. 25, 16, 9, 4, 1. ಆಟ ಅಲ್ಲಿಗೇ ನಿಂತಿತು. ಗೆಲ್ಲುತ್ತಿದ್ದವನು ನಾನು.

ವಾರ 6. ಕಾರ್ಡುಗಳು: 33

ಎಳೆದುಕೊಂಡು ಬಂದು ಬಿಟ್ಟುಹೋದ ತಾಯಿ ಇಂದು ಹತ್ತು ನಿಮಿಷ ನಿಂತು ಮಾತಾಡಿದರು. ಇದರಿಂದ ಮುಂದೆ ಐಐಟಿಗೆ ಅನುಕೂಲವಾಗುತ್ತದೆಯೇ ಎಂಬುದು ಅವರ ಪ್ರಶ್ನೆ. ನನಗೆ ಗೊತ್ತಿದ್ದಷ್ಟು ಹೇಳಿದೆ: ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ 1959ರಲ್ಲಿ ರೊಮೇನಿಯಾದಲ್ಲಿ ಶುರುವಾದದ್ದು, ಭಾರತ 1989ರಿಂದ ತಂಡ ಕಳಿಸುತ್ತಿದೆ, ಆ ತಂಡಕ್ಕೆ ಆರಿಸುವ ಸುತ್ತುಗಳನ್ನು ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ನೋಡಿಕೊಳ್ಳುತ್ತದೆ, ಅವು ಪ್ರೌಢಶಾಲೆ ಮತ್ತು ಪಿಯುಸಿ ಮಟ್ಟದ ಮಕ್ಕಳಿಗೆ. ನಾಲ್ಕನೇ ತರಗತಿಯವನಿಗೂ ಅದಕ್ಕೂ ನಂಟಿಲ್ಲ. ಪ್ರಾಥಮಿಕ ಶಾಲೆಯವರಿಗೆ ಒಲಿಂಪಿಯಾಡ್ ಎಂಬ ಹೆಸರಿನಲ್ಲಿ ಶುಲ್ಕ ಪಡೆದು ನಡೆಸುವ ಪರೀಕ್ಷೆಗಳೇ ಬೇರೆ.

ಹಳ್ಳಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯದೊಂದಿದೆ. ನಮ್ಮ ಬೆಂಗಳೂರಿನದೇ ಅಕ್ಷರ ಪ್ರತಿಷ್ಠಾನ ಗ್ರಾಮ ಪಂಚಾಯಿತಿ ಮಟ್ಟದಲ್ಲಿ 4ರಿಂದ 6ನೇ ತರಗತಿಯ ಮಕ್ಕಳಿಗೆ ಗಣಿತ ಸ್ಪರ್ಧೆ ನಡೆಸುತ್ತದೆ. ಊರವರೇ ಮುಂದೆ ನಿಂತು ನಡೆಸುವ ಸ್ಪರ್ಧೆ ಅದು. ನಮ್ಮ ವಾರ್ಡಿನಲ್ಲೂ ಅಂಥದ್ದೊಂದು ಇದ್ದಿದ್ದರೆ ನಾನು ಕಾರ್ಡು ಕತ್ತರಿಸುತ್ತಾ ಕೂರುತ್ತಿರಲಿಲ್ಲ.

ಆ ತಾಯಿಗೆ ನಿರಾಸೆಯಾಯಿತು. ಆದರೂ ಮಗ ಮುಂದಿನ ವಾರ ತಾನೇ ನಡೆದುಕೊಂಡು ಬಂದ.

ವಾರ 7

ಗುಣಾಕಾರ ಬೇಸರ ಎಂದು ಅವಳಿಗಳ ತಕರಾರು. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಗಣಿತಜ್ಞ ಮಹಾವೀರಾಚಾರ್ಯ ಗುಣಾಕಾರಕ್ಕೆ ಕೊಟ್ಟ ಉದಾಹರಣೆಗಳಲ್ಲಿ ಉತ್ತರ ಕೊರಳ ಹಾರದಂತೆ ಎರಡೂ ಕಡೆಯಿಂದ ಒಂದೇ ಥರ ಕಾಣುತ್ತದೆ. 139ನ್ನು 109ರಿಂದ ಗುಣಿಸಲು ಕೊಟ್ಟೆ. 15151. ಎರಡನೆಯದಕ್ಕೆ 152207ನ್ನು 73ರಿಂದ. ಮೂರನೇ ತರಗತಿಯವರಿಗೆ ಇದು ಹೆಚ್ಚಾಯಿತು, ನಿಜ. ಆದರೆ ಅಣ್ಣ ಮೂರರ ಮಗ್ಗಿ, ತಮ್ಮ ಏಳರ ಮಗ್ಗಿ ಎಂದು ಹಂಚಿಕೊಂಡು, ಮೂರು ಸಲ ತಪ್ಪಿ, ನಾಲ್ಕನೇ ಸಲ 11111111 ಬಂದಾಗ ಕಿರುಚಿದ ಸದ್ದಿಗೆ ಎದುರುಮನೆಯವರು ಕಿಟಕಿ ತೆರೆದರು.

ವಾರ 9. ಕಾರ್ಡುಗಳು: 47

ಗೊತ್ತಿಲ್ಲದ ಪ್ರಶ್ನೆಗೆ ಕಣ್ಣುಮುಚ್ಚಿ ಉತ್ತರ ಗುರುತಿಸಬೇಕೇ, ಬಿಡಬೇಕೇ? ಉಪದೇಶ ಮಾಡುವ ಬದಲು ಸ್ಟೀಲ್ ಡಬ್ಬದಲ್ಲಿ ನಾಲ್ಕು ಚೀಟಿ ಹಾಕಿದೆ. ಒಂದರಲ್ಲಿ ಸರಿ, ಮೂರರಲ್ಲಿ ತಪ್ಪು. ತಲಾ 20 ಸಲ ಎತ್ತುವುದು, ಸರಿಗೆ 3, ತಪ್ಪಿಗೆ ಒಂದು ಕಡಿತ. ತಮ್ಮನ ಮಗಳಿಗೆ 4 ಸರಿ, 16 ತಪ್ಪು: ನಾಲ್ಕು ಅಂಕ ನಷ್ಟ. ಕನ್ನಡಕದವಳಿಗೆ 7 ಸರಿ, 13 ತಪ್ಪು: ಎಂಟು ಅಂಕ ಲಾಭ. ಅವಳು ಅದನ್ನು ತನ್ನ ಜಾಣತನವೆಂದೇ ತಿಳಿದಳು. ಎಲ್ಲರದನ್ನೂ ಕೂಡಿಸಿದರೆ ಸೊನ್ನೆಯ ಆಸುಪಾಸು. ನಾಲ್ಕರಲ್ಲಿ ಒಂದನ್ನು ತಪ್ಪೆಂದು ಖಚಿತವಾಗಿ ತೆಗೆದುಹಾಕಲು ಬಂದರೆ ಉಳಿದ ಮೂರರಲ್ಲಿ ಊಹಿಸಬಹುದು, ಏನೂ ತೋಚದಿದ್ದರೆ ಬಿಟ್ಟುಬಿಡಿ, ಸಮಯವಾದರೂ ಉಳಿಯುತ್ತದೆ ಎಂದೆ. ಈ ಮಾತು ಮುಂದೆ ನನ್ನ ಮೇಲೇ ತಿರುಗಿತು.

ವಾರ 10

ದೀಪಾವಳಿ ಮುಗಿದು ಎಲ್ಲರ ಬಾಯಲ್ಲೂ ಪಟಾಕಿಯದೇ ಮಾತು. ಅಮ್ಮ ಅಂಗಳದಲ್ಲಿ ಹಾಕಿದ್ದ ರಂಗೋಲಿಯ ಮುಂದೆ ಮಕ್ಕಳನ್ನು ಕೂರಿಸಿದೆ. ಏಳರಿಂದ ಒಂದು, ನೇರ ಚುಕ್ಕಿ. ಎಂದರೆ 1, 3, 5, 7, 5, 3, 1. ಎಣಿಸದೆ ಮೊತ್ತ ಹೇಳಬೇಕು. ಐದನೇ ತರಗತಿಯವರು ಕೂಡುತ್ತಿರುವಾಗಲೇ ಎಳೆದುತಂದ ಹುಡುಗ ತಲೆ ಓರೆ ಮಾಡಿ, “ಓರೆಯಾಗಿ ನೋಡಿದರೆ ನಾಲ್ಕರ ಸಾಲು ನಾಲ್ಕು, ಅದರ ಮಧ್ಯೆ ಮೂರರ ಸಾಲು ಮೂರು” ಎಂದ. 16, 9, ಒಟ್ಟು 25. ಅಮ್ಮ ಎಪ್ಪತ್ತು ವರ್ಷದಿಂದ ಹಾಕುತ್ತಿರುವ ರಂಗೋಲಿ ಅದು. “ಹೌದಲ್ಲೋ” ಎಂದು ತಾನೂ ತಲೆ ಓರೆ ಮಾಡಿ ನೋಡಿದಳು.

ವಾರ 12. ಕಾರ್ಡುಗಳು: 58

ಕಡೆಯ ಕಾರ್ತಿಕ ಸೋಮವಾರ, ಬಸವನಗುಡಿಯಲ್ಲಿ ಪರಿಷೆ. ಎರಡು ಸೇರು ಕಡಲೆಕಾಯಿ ತಂದು ಮಹಡಿಯಲ್ಲಿ ಸುರಿದೆ. ಪ್ರಶ್ನೆ: 20 ಕಾಯಿ, ಕೆಲವದರಲ್ಲಿ ಎರಡು ಬೀಜ, ಕೆಲವದರಲ್ಲಿ ಮೂರು, ಒಟ್ಟು 47 ಬೀಜ. ಮೂರರವು ಎಷ್ಟು? ಎಲ್ಲದರಲ್ಲೂ ಎರಡೇ ಎಂದುಕೊಂಡರೆ 40, ಮಿಕ್ಕ 7 ಬೀಜ ಏಳು ಕಾಯಿಗೆ. ಇದು ಐದು ನಿಮಿಷದಲ್ಲಿ ಮುಗಿಯಿತು, ಕಾಯಿಯೂ ಮುಗಿಯುತ್ತಾ ಬಂತು.

ಕೆಳಗಿನಿಂದ ಬಂದ ಅಮ್ಮ ಒಂದಷ್ಟು ಸುಲಿದು, “ಮುಕ್ಕಾಲು ಮೂರುವೀಸ ಪಾಲು ಜೊಳ್ಳು ಕೊಟ್ಟಿದ್ದಾನೆ ನಿನಗೆ” ಎಂದಳು. ಹಾಗೆಂದರೆಷ್ಟು ಎಂದು ಕನ್ನಡಕದವಳು ಕೇಳಿದಳು. ಬಹುಪಾಲು ಎಂದೆ. “ಅದಲ್ಲ, ಎಷ್ಟು?” ಎಂದಳು.

ಯಾವತ್ತೂ ಲೆಕ್ಕ ಹಾಕಿರಲಿಲ್ಲ! ವೀಸ ಎಂದರೆ ಹದಿನಾರರಲ್ಲಿ ಒಂದು ಪಾಲು. ಚೀಲದಲ್ಲಿದ್ದ ಕರಡು ಹಾಳೆಯೊಂದನ್ನು ತೆಗೆದು ನಾಲ್ಕು ಸಲ ಮಡಿಸಿ ಬಿಚ್ಚಿದೆ: 16 ಮನೆ. ಮುದ್ರಣದಲ್ಲಿ ಒಂದು ಫಾರಂ ಎಂದರೂ 16 ಪುಟವೇ, ಆದ್ದರಿಂದ ಈ ಸಂಖ್ಯೆ ನನಗೆ ಅನ್ನ ಹಾಕುವ ಸಂಖ್ಯೆ. ಮುಕ್ಕಾಲು ಎಂದರೆ 12 ಮನೆ, ಅವಳಿಗಳು ಕೆಂಪು ಬಳಿದರು. ಮೂರು ವೀಸ, ಇನ್ನೂ ಮೂರು ಮನೆ. ಬಿಳಿಯಾಗಿ ಉಳಿದದ್ದು ಮೂಲೆಯ ಒಂದೇ ಒಂದು. ಅಜ್ಜಿಯ ಮಾತು ನಿಜವೇ ಎಂದು ನೋಡಲು ಆರು ಮಂದಿಯೂ ಉಳಿದ ಕಾಯಿಗಳನ್ನು ಹದಿನಾರು ಹದಿನಾರಾಗಿ ಗುಡ್ಡೆ ಹಾಕಿ ಸುಲಿದರು. ಗುಡ್ಡೆಗೆ ಎರಡೋ ಮೂರೋ ಜೊಳ್ಳು. “ಅಜ್ಜಿ, ನೀವು ಹೇಳಿದ್ದು ತಪ್ಪು” ಎಂದು ಕೂಗಿಕೊಂಡು ಇಳಿದು ಹೋದರು. ಅಮ್ಮ ಏನು ಉತ್ತರ ಕೊಟ್ಟಳೋ, ಎಲ್ಲರ ಕೈಯಲ್ಲೂ ಕೋಡುಬಳೆ ಇತ್ತು.

ವಾರ 14, ಡಿಸೆಂಬರ್. ಸ್ಪರ್ಧೆ

ಭಾನುವಾರ ಬೆಳಿಗ್ಗೆ. ಇಸ್ತ್ರಿ ಅಂಗಡಿಯವರ ಮಗ ನನ್ನ ಸ್ಕೂಟರಿನಲ್ಲಿ, ಉಳಿದವರು ಅವರವರ ಮನೆಯವರ ಜೊತೆ. ಹೊರಗೆ ಪೋಷಕರ ಗುಂಪಿನಲ್ಲಿ ನಿಲ್ಲುವುದು ಒಳಗೆ ಬರೆಯುವುದಕ್ಕಿಂತ ಕಷ್ಟದ ಕೆಲಸ.

ಹೊರಬಂದ ಮೇಲೆ ಪ್ರಶ್ನೆಪತ್ರಿಕೆ ಬಿಡಿಸಿ ನೋಡಿದೆ. ಹದಿನೇಳನೇ ಪ್ರಶ್ನೆಗೆ ಆಯ್ಕೆಗಳು 9, 16, 20, 25. ಗುಂಪಿಗೆ ಸೇರದ ಸಂಖ್ಯೆ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದ್ದಾರೆ. 20 ಎಂದರೆ ಮುಗಿಯಿತು, ಉಳಿದ ಮೂರೂ ವರ್ಗಸಂಖ್ಯೆಗಳು. ಕೆಳಗಿನ ಕನ್ನಡದಲ್ಲಿ: “ಬೆಸ ಸಂಖ್ಯೆಯನ್ನು ಗುರುತಿಸಿ.” ಇಂಗ್ಲಿಷಿನಲ್ಲಿ ಬೆಸಕ್ಕೂ ಬೇರೆಯದಕ್ಕೂ ‘ಆಡ್’ (odd) ಎಂಬ ಒಂದೇ ಪದ; ಅನುವಾದಿಸಿದ ಮನುಷ್ಯನೋ ಯಂತ್ರವೋ ತೋಚಿದ್ದನ್ನು ಎತ್ತಿಕೊಂಡಿದೆ. ಕರಡು ಯಾರೂ ನೋಡಿಲ್ಲ.

“ಏನು ಬರೆದೆ?” ಎಂದು ಅವನನ್ನು ಕೇಳಿದೆ.

“ಒಂಬತ್ತೂ ಬೆಸ, ಇಪ್ಪತ್ತೈದೂ ಬೆಸ. ಎರಡು ಸರಿಯುತ್ತರ ಇರಲು ಸಾಧ್ಯವಿಲ್ಲ. ಪ್ರಶ್ನೆಯೇ ತಪ್ಪು ಎಂದು ಬಿಟ್ಟೆ, ದೊಡ್ಡಪ್ಪ. ಖಚಿತವಿಲ್ಲದಿದ್ದರೆ ಬಿಡು ಎಂದಿದ್ದಿರಲ್ಲ.”

ಇಂಗ್ಲಿಷ್ ವಾಕ್ಯ ನೋಡಲಿಲ್ಲವೇ ಎಂದು ಕೇಳಬೇಕೆಂದುಕೊಂಡವನು ಬಾಯಿ ಮುಚ್ಚಿಕೊಂಡೆ. ಕನ್ನಡದಲ್ಲಿ ಕೊಡುತ್ತೇವೆ ಎಂದ ಮೇಲೆ ಅವನು ಯಾಕೆ ನೋಡಬೇಕು?

ವಾರ 15. ಕಾರ್ಡುಗಳು: 63

ಅಂಕ ಬಂದಿದೆ. ತಮ್ಮನ ಮಗಳು 19 ಪ್ರಶ್ನೆ ಮುಟ್ಟಿ 15 ಸರಿ, 4 ತಪ್ಪು: 41. ಇಸ್ತ್ರಿ ಅಂಗಡಿಯವರ ಮಗ 21 ಮುಟ್ಟಿ 19 ಸರಿ, 2 ತಪ್ಪು: 55, ನಮ್ಮಲ್ಲಿ ಅವನದೇ ಹೆಚ್ಚು. ಅವಳಿಗಳಲ್ಲಿ ಒಬ್ಬನಿಗೆ ಇನ್ನೊಬ್ಬನಿಗಿಂತ ಒಂದು ಅಂಕ ಜಾಸ್ತಿ ಬಂದು ಮನೆಯಲ್ಲಿ ಮಾತುಕತೆ ನಿಂತಿದೆಯಂತೆ. ಎರಡನೇ ಸುತ್ತಿನ ಪಟ್ಟಿ ಇನ್ನೂ ಬಂದಿಲ್ಲ. ಹದಿನೇಳನೇ ಪ್ರಶ್ನೆಯ ಬಗ್ಗೆ ಸಂಘಟಕರಿಗೆ ಬರೆದ ಪತ್ರಕ್ಕೆ “ಪರಿಶೀಲಿಸುತ್ತೇವೆ” ಎಂಬ ಒಂದು ಸಾಲು ಬಂದಿದೆ. ಅದರಲ್ಲೂ ‘ಪರೀಶಿಲಿಸುತ್ತೇವೆ’ ಎಂದಿತ್ತು, ನಾನೇ ತಿದ್ದಿ ಓದಿಕೊಂಡೆ.

ನೂರು ಕಾರ್ಡು ಆಗಲಿಲ್ಲ. ಈಗ ಹೊಸ ಕಾರ್ಡನ್ನು ಮೊದಲು ಮಕ್ಕಳ ಕೈಗೆ ಕೊಡುತ್ತೇನೆ, ಬಿಡಿಸಲಿಕ್ಕಲ್ಲ, ತಿದ್ದಲಿಕ್ಕೆ. ಅಳಿಸು, ಸೇರಿಸು, ಅದಲುಬದಲು ಮಾಡು ಎಂಬ ಮೂರು ಕರಡು ಗುರುತುಗಳನ್ನು ಕಲಿಸಿದ್ದೇನೆ. ಹೋದ ವಾರ ಎಳೆದುತಂದ ಹುಡುಗ ನಾನು ಬರೆದ ನಾಲ್ಕು ಸಾಲಿನಲ್ಲಿ ಮೂರಕ್ಕೆ ಅಳಿಸು ಗುರುತು ಹಾಕಿ ಕೊಟ್ಟ. ಉಳಿದ ಒಂದು ಸಾಲಿನಲ್ಲೇ ಪ್ರಶ್ನೆ ಪೂರ್ತಿ ಇತ್ತು.

64ನೇ ಕಾರ್ಡು ಇಸ್ತ್ರಿ ಅಂಗಡಿಯವರ ಮಗನ ಹತ್ತಿರ ಇದೆ. ಯಾವಾಗ ಕೊಡುತ್ತೀಯ ಎಂದರೆ, “ಎರಡು ದಿನ ಬಿಟ್ಟು ಬನ್ನಿ” ಎನ್ನುತ್ತಾನೆ.