ಎಂಟು ಒಂಬತ್ತಾದ ರಾತ್ರಿ

ನಿನ್ನೆ ರಾತ್ರಿ ಹನ್ನೊಂದಕ್ಕೆ ಆನ್‌ಲೈನ್ ಹರಾಜಿನಲ್ಲಿ 1939ರ ಬೆಳ್ಳಿ ರೂಪಾಯಿ ಕಂಡು ನಿದ್ದೆ ಹಾರಿಹೋಯ್ತು. ಆರನೇ ಜಾರ್ಜ್ ಮುಖದ ಈ ನಾಣ್ಯ ಅಪರೂಪ. ಆದರೆ 1938ರದ್ದು ಹುಡುಕಿದರೆ ಸಿಗುತ್ತೆ. ತೊಂದರೆ ಇರೋದೇ ಅಲ್ಲಿ. ಎರಡೂ ಒಂದೇ ವಿನ್ಯಾಸ, ಒಂದೇ ಬೆಳ್ಳಿ, ತೂಕವೂ 11.66 ಗ್ರಾಂ, ಅಂದ್ರೆ ಅಜ್ಜಿಯರ ಲೆಕ್ಕದಲ್ಲಿ ಒಂದು ತೊಲ. ತಕ್ಕಡಿ ಏನೂ ಹೇಳಲ್ಲ. 8ರ ಕೆಳಸುತ್ತಿನ ಎಡಬದಿಯನ್ನ ನಾಜೂಕಾಗಿ ಕೆರೆದುಬಿಟ್ಟರೆ 9 ರೆಡಿ!

ಫೋಟೋ ಹಿಗ್ಗಿಸಿ ನೋಡಿದೆ. ಸುತ್ತೆಲ್ಲ ಹಳೇ ಬೆಳ್ಳಿಯ ಮಾಸಲು ಕಪ್ಪು, ಕೊನೆಯ ಅಂಕಿಯ ಹೊಟ್ಟೆ ಹತ್ತಿರ ಮಾತ್ರ ಉಜ್ಜಿದ ಹೊಳಪು, ಕೂದಲೆಳೆಯಂಥ ಗೀರು. ಅದೇ ಇಸವಿಯಲ್ಲಿ ಇನ್ನೊಂದು 9 ಇದೆಯಲ್ಲ, ಅದರ ಬಾಲಕ್ಕೂ ಇದರ ಬಾಲಕ್ಕೂ ಸಂಬಂಧವೇ ಇಲ್ಲ.

"ಇಸವಿಯದ್ದು ಇನ್ನೊಂದು ಕ್ಲೋಸಪ್ ಕಳಿಸ್ತೀರಾ ಸರ್?" ಅಂದೆ. "ತಾತನ ಪೆಟ್ಟಿಗೇಲಿ ಸಿಕ್ಕಿದ್ದು ಸರ್, ಗ್ಯಾರಂಟಿ" ಅಂತ ಉತ್ತರ. ಈ ಹರಾಜುಗಳಲ್ಲಿ ಎಲ್ಲರ ತಾತಂದಿರೂ ಎಷ್ಟು ಮುಂದಾಲೋಚನೆಯವರು ಮಾರಾಯ್ರೆ!

ಯಾರೋ ಸಾಯಂಕಾಲದವರೆಗೆ ಅಂಗಡಿಯಲ್ಲಿ ಕೂತು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಅಷ್ಟು ತಾಳ್ಮೆಯಿಂದ ಅರ್ಧ ಸುತ್ತು ಕೆರೆದಿರಬೇಕು. ಆ ಕೈಚಳಕಕ್ಕೆ ಒಂದು ಕ್ಷಣ ಮರುಳಾದೆ ಅನ್ನೋದೂ ನಿಜ.

ಬಿಡ್ ಮಾಡಲಿಲ್ಲ. ಕೆಳಗೇ ಇನ್ನೊಬ್ಬರು ಈಸ್ಟ್ ಇಂಡಿಯಾ ಕಂಪನಿಯ 1818ರ ರಾಮ-ಸೀತೆ ನಾಣ್ಯ ಇಟ್ಟಿದ್ದರು. ಕಂಪನಿ ಅಂಥದ್ದನ್ನ ಟಂಕಿಸಿಯೇ ಇಲ್ಲ. ನಮ್ಮ ಸೋದರಮಾವನ ದೇವರಮನೆಯಲ್ಲಿ ಅದೇ ಇದೆ, ದಿನಾ ಕುಂಕುಮ ಏರುತ್ತೆ. ನಾನಿನ್ನೂ ಬಾಯಿ ಬಿಟ್ಟಿಲ್ಲ.